ಅವಧಿ ಮುಗಿದ ಫಿಲಮಿನಲ್ಲಿ ಒಂದು ಮುಖ

ಕುರುಗೋಡು
ತಾ. 9-6-2024

ಲೇ ಐಶ್ವರ್ಯ,

ಈ ಕಾಗದ ಒಡೆದು ಓದುವಷ್ಟಾದರೂ ಪುರುಸೊತ್ತು ಇದೆಯೇ ನಿನಗೆ? ಇದ್ದರೆ ಮೊದಲು ಕೂತುಕೋ. ಏಳು ತಿಂಗಳ ಹೊಟ್ಟೆ ಹೊತ್ತವಳು ನಿಂತುಕೊಂಡು ಓದಬೇಡ. ಕೂತೆಯಾ? ಈಗ ಬೈಸಿಕೋ.

ಯುಗಾದಿಯಿಂದ ಇಲ್ಲಿಯವರೆಗೆ ಮೂರು ಇನ್‌ಲ್ಯಾಂಡ್ ಬರೆದಿದ್ದೇನೆ. ಒಂದಕ್ಕೂ ಉತ್ತರವಿಲ್ಲ. ಫೋನ್ ಮಾಡಿದ್ದೆ ಅಂತ ಹೇಳಬೇಡ. ನನ್ನ ಕಿವಿ ಹೋಗಿ ನಾಲ್ಕು ವರ್ಷವಾಯಿತು. ಫೋನ್ ಹಿಡಿದರೆ ತಗಡಿನ ಡಬ್ಬಿಯಲ್ಲಿ ನೊಣ ಕೂಡಿಹಾಕಿದ ಹಾಗೆ ಸದ್ದು ಬರುತ್ತದೆ, ನಿನ್ನ ಮಾತು ಬರುವುದಿಲ್ಲ. ನಾಲ್ಕನೇ ಇಯತ್ತೆ ಓದಿದ ಮುದುಕಿ ಕನ್ನಡಕ ಹಾಕಿಕೊಂಡು ಅಕ್ಷರ ಕೂಡಿಸಿ ಬರೆಯುತ್ತಾಳೆ, ಡಿಗ್ರಿ ಓದಿದವಳಿಗೆ ಪೆನ್ನು ಸಿಗುವುದಿಲ್ಲ. ಪೋಸ್ಟಿನ ಅಂಜಿನಪ್ಪ ನನ್ನನ್ನು ಆಡಿಕೊಳ್ಳುತ್ತಾನೆ. "ಅಜ್ಜೀ, ಈ ಊರಾಗ ಇನ್‌ಲ್ಯಾಂಡ್ ತಗೊಳ್ಳಾಕಿ ನೀ ಒಬ್ಬಾಕಿನ. ನೀ ಹ್ವಾದ್ರ ಸರಕಾರ ಇವನ್ನ ಅಚ್ಚು ಹಾಕೂದ ಬಿಡತೈತಿ" ಅಂತ. ಬಿಡಲಿ, ನನಗೇನು.

ಎರಡನೆಯ ಬೈಗುಳ. ಎದುರು ಮನೆಯ ಭೀಮರಾಜ ಬಳ್ಳಾರಿಗೆ ಗೂಡ್ಸ್ ಆಟೊ ಹೊಡೆಯುತ್ತಾನಲ್ಲ, ಅವನು ಬಂದು ನನ್ನ ಕಿವಿಗೆ ಬಾಯಿಟ್ಟು ಕೂಗಿದ: "ನಿಮ್ಮ ಮೊಮ್ಮಗಳು ಡೇಟ್ ಮುಗದಿದ್ದ ಫಿಲಂ ತಗೊಂಡು ಫೋಟೊ ಹೊಡಿತಾಳ ಅಜ್ಜೀ!" ಓಣಿಗೆಲ್ಲ ಕೇಳಿಸಿತು. ಡೇಟ್ ಮುಗಿದ ಮಾತ್ರೆ ನುಂಗಬಾರದು ಅಂತ ನೀನೇ ನನಗೆ ಬೋಧನೆ ಮಾಡಿದವಳು. ಮಂದಿಯ ಮದುವೆಯಲ್ಲಿ ಅಂಥ ಫಿಲಂ ಹಾಕಿ ಫೋಟೊ ತೆಗೆದು ದುಡ್ಡು ಇಸಿದುಕೊಳ್ಳುತ್ತೀಯಾ? ನಿನ್ನವ್ವ ಹೋದ ಮೇಲೆ ಹನ್ನೆರಡು ವರ್ಷದವಳನ್ನು ಸಾಕಿದವಳು ನಾನು. ಸಂತೆಯಲ್ಲಿ ಚೌಕಾಶಿ ಮಾಡುವುದು ಕಲಿಸಿದೆ, ಸೊಪ್ಪಿನ ಕಟ್ಟು ತಿರುವಿ ನೋಡುವುದು ಕಲಿಸಿದೆ. ಕೊಳೆತ ಕಟ್ಟನ್ನೇ ಆರಿಸಿ ತರುವುದನ್ನು ಯಾರು ಕಲಿಸಿದರು?

ಒಂಬತ್ತಕ್ಕೆ ಬೀಳುವ ಮೊದಲು ಇಲ್ಲಿಗೆ ಬಾ. ಬಾಣಂತನದ ಸಾಮಾನು ಒಂದೊಂದೇ ಕೂಡಿಸುತ್ತಿದ್ದೇನೆ.

ಅಜ್ಜಿ
ಅಕ್ಕನಾಗಮ್ಮ


ಬಳ್ಳಾರಿ
20-6-2024

ಅಜ್ಜಿ,

ಕೂತೇ ಓದಿದೆ. ಬೈಸಿಕೊಂಡೆ. ನಗಲು ಹೋದರೆ ಮಗು ಒದ್ದಿತು.

ಭೀಮರಾಜನಿಗೆ ಅರ್ಧ ಗೊತ್ತು, ಇನ್ನರ್ಧ ನಾನು ಹೇಳುತ್ತೇನೆ. ನನ್ನದು ಗುಂಡಿ ಒತ್ತಿದ ಕೂಡಲೇ ಫೋಟೊ ಹೊರಗೆ ಹಾಕುವ ಕ್ಯಾಮೆರಾ. ಮೊದಲು ಬರೀ ಬಿಳಿ ಹಾಳೆ. ಎರಡು ಮೂರು ನಿಮಿಷ ಕಾದರೆ ಅದರೊಳಗಿಂದ ಮುಖ ಮೂಡಿ ಬರುತ್ತದೆ. ಎಲ್ಲರ ಕೈಯಲ್ಲೂ ಫೋನಿದ್ದರೂ ಮಂದಿ ನನ್ನ ಸುತ್ತ ನಿಲ್ಲುವುದು ಆ ಎರಡು ನಿಮಿಷಕ್ಕೆ. ಆದರೆ ಹೊಸ ಫಿಲಂ ಕೊಂಡರೆ ಒಂದೊಂದು ಹಾಳೆಗೆ ನೂರರ ಹತ್ತಿರ ಬೀಳುತ್ತದೆ, ನನಗೆ ಉಳಿಯುವುದು ಅಷ್ಟರಲ್ಲೇ ಇದೆ. ಕೌಲ್‌ಬಜಾರಿನ ಕೈಸರಣ್ಣ ತನ್ನ ಸ್ಟುಡಿಯೊ ಮುಚ್ಚುತ್ತಿದ್ದಾನೆ. ಅವನಲ್ಲಿ ಡೇಟ್ ಮುಗಿದು ನಾಲ್ಕು ವರ್ಷವಾದ ಪ್ಯಾಕುಗಳು ರಾಶಿ ಬಿದ್ದಿದ್ದವು. ಮೂರರಲ್ಲೊಂದು ಭಾಗದ ರೇಟಿಗೆ ಕೊಟ್ಟ. ಕೊಡುವಾಗ ಮುಚ್ಚಿಡಲಿಲ್ಲ: "ಇದು ಲಾಟರಿ ಐತಿ ತಂಗಿ. ಹತ್ತಕ್ಕ ಆರು ಬಂದ್ರ ನಿನ್ನ ನಸೀಬು. ಬಂದಿದ್ದಾದ್ರೂ ಎಷ್ಟು ದಿನ ನಿಲ್ತಾವ ಅನ್ನೂದು ನಾ ಹೇಳಂಗಿಲ್ಲ."

ಬಣ್ಣ ಹಳದಿಗೆ ತಿರುಗುತ್ತದೆ, ಮೂಲೆಗಳಲ್ಲಿ ಕಂದು ಕಲೆ ಕೂರುತ್ತದೆ, ಅಷ್ಟೇ. ಹೋದ ವಾರ ಒಂದು ಅರಿಶಿನದ ಶಾಸ್ತ್ರಕ್ಕೆ ಹೋಗಿದ್ದೆ. ಮದುಮಗಳ ಸೋದರತ್ತೆ ಜಗಳಕ್ಕೇ ಬಂದರು. "ಏನವ್ವಾ, ಎಲ್ಲಾರ ಮುಖಾ ಹಳದಿ ಬಂದಾವಲ್ಲ?" ಅಂದರು. "ಅರಿಶಿನದ ಶಾಸ್ತ್ರದಾಗ ಮತ್ತ ಯಾವ ಬಣ್ಣ ಬರಬೇಕಿತ್ತ್ರಿ?" ಅಂದೆ. ಅವರೇ ಮೊದಲು ನಕ್ಕರು. ಆವತ್ತಿನಿಂದ ಅರಿಶಿನಕ್ಕೆ ಹಳೆಯ ಫಿಲಂ, ಮದುವೆಯ ಅಕ್ಕಿಕಾಳಿಗೆ ಹೊಸದು ಅಂತ ಮಾಡಿಕೊಂಡಿದ್ದೇನೆ. ಯಾರಿಗೂ ಮೋಸವಿಲ್ಲ, ಮೊದಲೇ ಹೇಳಿ ರೇಟು ಕಡಿಮೆ ಮಾಡುತ್ತೇನೆ. ಇವರದು ಕುಡತಿನಿಯಲ್ಲಿ ಗುತ್ತಿಗೆ ಕೆಲಸ, ಸಂಬಳ ಹೇಳಿದ ದಿನ ಬರುವುದಿಲ್ಲ. ಹೆರಿಗೆಯ ಹೊತ್ತಿಗೆ ನನ್ನ ಕೈಯಲ್ಲೂ ಒಂದಿಷ್ಟು ಇರಲಿ ಅಂತ.

ಮಗು ಹುಟ್ಟಿದ ಮೇಲೆ ಮೊದಲ ಫೋಟೊ ನಿನ್ನ ಮಡಿಲಲ್ಲಿ ಮಲಗಿಸಿ ತೆಗೆಯುತ್ತೇನೆ. ಅದಕ್ಕೆ ಹೊಸ ಫಿಲಮನ್ನೇ ಹಾಕುತ್ತೇನೆ, ಹೆದರಬೇಡ.

ನಿನ್ನ
ಐಶ್ವರ್ಯ


ಕುರುಗೋಡು
ತಾ. 28-6-2024

ಐಶ್ವರ್ಯ,

ಹೊಸದೂ ಬೇಡ, ಹಳೆಯದೂ ಬೇಡ.

ಜವಳ ತೆಗೆಯುವವರೆಗೆ ಈ ಮನೆಯ ಕೂಸಿನ ಫೋಟೊ ತೆಗೆಯುವಂತಿಲ್ಲ. ನಿನ್ನವ್ವನದು ತೆಗೆಯಲಿಲ್ಲ, ನಿನ್ನದೂ ತೆಗೆಯಲಿಲ್ಲ. ಇಬ್ಬರೂ ಬೆಳೆದಿರಿ. ಯಾಕೆ ಅಂತ ಕೇಳಬೇಡ. ದೃಷ್ಟಿ ಅಂದರೆ ನಿನಗೆ ನಗೆ, ನನಗೆ ಅಲ್ಲ. ಮೊದಲ ಕೂದಲು ಇಳಿಯಲಿ, ಆಮೇಲೆ ಊರ ಕಲ್ಲಿಗೆಲ್ಲ ಅಂಟಿಸುವಷ್ಟು ತೆಗೆದುಕೋ, ನಾನೇ ಸೆರಗು ಸರಿಮಾಡಿಕೊಂಡು ಬಂದು ಕೂರುತ್ತೇನೆ.

ನಿನ್ನ ಗಂಡ ಶಶಿಕಾಂತನಿಗೂ ಈ ಮಾತು ಓದಿ ಹೇಳು. ಗಂಡಸರ ಕೈಗೆ ಫೋನ್ ಸಿಕ್ಕರೆ ಸುಮ್ಮನಿರುವುದಿಲ್ಲ. ಬರುವಾಗ ಸೀರೆ ನಾಲ್ಕು ತಾ. ಕ್ಯಾಮೆರಾ ಬಳ್ಳಾರಿಯಲ್ಲೇ ಇರಲಿ.

ಅಜ್ಜಿ


ಕುರುಗೋಡು
ತಾ. 22-10-2024

ಐಶ್ವರ್ಯಳಿಗೆ ಅಜ್ಜಿಯ ಆಶೀರ್ವಾದಗಳು.

ನೀನು ಹೇಳದೆ ಕೇಳದೆ ಸಿರುಗುಪ್ಪದ ಅತ್ತೆಮನೆಗೆ ಹೋಗಿ ಇಪ್ಪತ್ತು ದಿನವಾಯಿತು. ನಾನು ಹಿತ್ತಲಲ್ಲಿದ್ದೆ, ಬಂದು ನೋಡಿದರೆ ಹಾಸಿಗೆ ಮಡಿಚಿಟ್ಟಿತ್ತು. ಹೋಗುವವಳು ಹೋಗು, ಬಾಗಿಲಲ್ಲಿ ನಿಂತು ಒಂದು ಸಲ ಕೂಗಬಾರದೇ? ನನಗೆ ಕೇಳುವುದಿಲ್ಲ ಅಂತ ಕೂಗಲಿಲ್ಲವೇ?

ಹಾಲು ನಿಂತಿತೇ? ನಿಲ್ಲದಿದ್ದರೆ ಮಲ್ಲಿಗೆ ಮೊಗ್ಗು ಎದೆಗೆ ಕಟ್ಟಿಕೋ, ಬತ್ತುತ್ತದೆ. ಹಿಂಡಬೇಡ, ಹಿಂಡಿದಷ್ಟೂ ಬರುತ್ತದೆ. ಕಿವಿಗೆ ಹತ್ತಿ ಇಟ್ಟುಕೋ. ಕೂಸಿಲ್ಲದಿದ್ದರೂ ನೀನು ಬಾಣಂತಿಯೇ. ತಣ್ಣೀರು ಮುಟ್ಟಬೇಡ. ನಿನ್ನ ಅತ್ತೆಗೆ ಹೇಳಲು ನಾಚಿಕೆಯಾದರೆ ಈ ಕಾಗದ ಅವರಿಗೇ ಓದಿ ಹೇಳು.

ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆ. ಕುಲಾವಿ ಎರಡು, ಲಂಗೋಟಿಯ ಬಟ್ಟೆ ಏಳು, ಗಂಟು ಕಟ್ಟಿಟ್ಟಿದ್ದೇನೆ. ಯಾರಿಗೂ ಕೊಡಲಿಲ್ಲ. ಕೊಡು ಅಂದರೆ ಕೊಡುತ್ತೇನೆ. ಇಪ್ಪತ್ತೆರಡು ದಿನದ ಕೂಸಿಗೆ ಎಷ್ಟು ಬಟ್ಟೆಯಾಗಿತ್ತು ನೋಡು. ಮಣ್ಣು ಕೊಟ್ಟ ಜಾಗದಲ್ಲಿ ಸುತ್ತ ಕಲ್ಲು ಇಡಿಸಿದ್ದೇನೆ, ನಾಯಿ ಕೆದರಬಾರದು ಅಂತ. ಅದರ ಚಿಂತೆ ನಿನಗೆ ಬೇಡ.

ಒಂದು ಮಾತು ಕೇಳುತ್ತೇನೆ. ನಿನಗೆ ಎರೆಯಲು ಬರುತ್ತಿದ್ದಳಲ್ಲ ಪಾರಮ್ಮ, ಮೊನ್ನೆ ಬಂದು ಕೂತು ಹೇಳಿದಳು. "ತೊಟ್ಲಾಗ ಹಾಕಿದ ಮರದಿನಾ ಮಧ್ಯಾಹ್ನ ಒಳಗಿನ ಕ್ವಾಣ್ಯಾಗ ಫಳ್ ಅಂತ ಬೆಳಕಾತು ನೋಡವ್ವ. ಮಿಂಚು ಅನ್ನಾಕ ಮ್ಯಾಲೆ ಒಂದು ಮಾಡ ಇರ್ಲಿಲ್ಲ." "ನಿನಗ ಹಸಿವಿಗೆ ಕಣ್ಣಿಗೆ ಚಕ್ರ ಬಂದಿತ್ತು, ಹೋಗ" ಅಂತ ಬೈದು ಕಳಿಸಿದೆ.

ನಾನು ಬೈದದ್ದು ಸರಿಯೋ ತಪ್ಪೋ ಬರೆ.

ಅಜ್ಜಿ


ಸಿರುಗುಪ್ಪ
5-11-2024

ಅಜ್ಜಿ,

ಪಾರಮ್ಮನನ್ನು ಬೈದದ್ದು ತಪ್ಪು. ಅವಳು ನೋಡಿದ್ದು ನಿಜ.

ನೀನು ಕ್ಯಾಮೆರಾ ತರಬೇಡ ಅಂದಿದ್ದೆ, ನಾನು ಸೀರೆಗಳ ಕೆಳಗೆ ಇಟ್ಟುಕೊಂಡು ತಂದಿದ್ದೆ. ನೀನು ಹೊರಗೆ ಜೋಳ ಒಣಗಿಸುತ್ತಿದ್ದೆ. ಮಗು ಹಾಲು ಕುಡಿದು ಮುಗಿಸಿ ಕಿಟಕಿಯ ಕಡೆ ನೋಡುತ್ತಿತ್ತು. ಒಂದೇ ಒಂದು ತೆಗೆದೆ.

ಚೀಲದಲ್ಲಿ ಎರಡು ಪ್ಯಾಕ್ ಇದ್ದವು. ಒಂದು ಹೊಸದು, ಸೀಲ್ ಕೂಡ ಒಡೆದಿರಲಿಲ್ಲ. ಇನ್ನೊಂದು ಕೈಸರಣ್ಣನ ಹಳೆಯದು, ಅದರಲ್ಲಿ ಕೊನೆಯ ಹಾಳೆ ಉಳಿದಿತ್ತು. ನಾನು ಹಳೆಯದನ್ನು ಹಾಕಿದೆ. ಉಳಿತಾಯ ಮಾಡಲು ಅಂದುಕೊಳ್ಳಬೇಡ. ನಿನ್ನ ಮಾತನ್ನು ಪೂರ್ತಿ ಮೀರಲು ಧೈರ್ಯ ಬರಲಿಲ್ಲ. ಡೇಟ್ ಮುಗಿದದ್ದು, ಬಂದರೆ ಬರಲಿ, ಬರದಿದ್ದರೆ ಅಜ್ಜಿಯ ಮಾತು ಉಳಿಯಿತು ಅಂದುಕೊಂಡೆ. ಡೇಟ್ ಮುಗಿದ ಫಿಲಮಿನಲ್ಲಿ ತೆಗೆದದ್ದು ಫೋಟೊದ ಲೆಕ್ಕಕ್ಕೆ ಬರುವುದಿಲ್ಲ ಅಂತಲೂ ಅಂದುಕೊಂಡೆ. ಎಷ್ಟು ದಡ್ಡಿ ನೋಡು.

ಬಂತು. ಒಂದು ಪಕ್ಕ ಹಳದಿ, ಕೆಳಗಿನ ಮೂಲೆ ಕಂದು. ಆದರೆ ಮುಖ ಚೆನ್ನಾಗಿಯೇ ಬಂತು. ದಿಂಬಿನ ಕವರಿನೊಳಗೆ ಇಟ್ಟೆ. ಎಂಟು ದಿನಕ್ಕೆ ಮಗು ಹೋಯಿತು.

ಇನ್ನೊಂದು ಮಾತೂ ಬರೆದುಬಿಡುತ್ತೇನೆ. ಹುಟ್ಟಿದ ಮರುದಿನ ಆಸ್ಪತ್ರೆಯಲ್ಲಿ ಇವರು ಫೋನಿನಲ್ಲಿ ಹನ್ನೊಂದು ಫೋಟೊ ತೆಗೆದಿದ್ದರು. ನೀನು ಎದುರಿಗೆ ನಿಂತು, "ಒಂದೊಂದ ಅಳಸಪಾ, ನಾ ನೋಡಬೇಕು" ಅಂದೆ. ಇವರು ಒಂದೊಂದೇ ಅಳಿಸಿದರು. ಅಳಿಸಿದ ಫೋಟೊ ಮೂವತ್ತು ದಿನ ಫೋನಿನ ಕಸದ ಬುಟ್ಟಿಯಲ್ಲಿ ಇರುತ್ತದಂತೆ, ಅಷ್ಟರೊಳಗೆ ಬೇಕೆಂದರೆ ತೆಗೆದುಕೊಳ್ಳಬಹುದಂತೆ. ನಮಗೆ ಅದು ನೆನಪಾದದ್ದು ಮೂವತ್ತೈದನೇ ದಿನ.

ಹಾಗಾಗಿ ಉಳಿದಿರುವುದು ನಾನು ಕದ್ದು ತೆಗೆದ ಅದೊಂದೇ. ಅದರ ಬಣ್ಣವೂ ತೆಳುವಾಗುತ್ತಿದೆ. ಈಗ ನೀನು ಹೇಳಬೇಕಾದದ್ದು ಹೇಳು.

ಐಶ್ವರ್ಯ


ಕುರುಗೋಡು
ತಾ. 14-11-2024

ಐಶ್ವರ್ಯ,

ಕಾಗದ ಮುಟ್ಟಿತು.

ನಾನು ಹೇಳಿದ್ದೆ. ಮೊದಲೇ ಹೇಳಿದ್ದೆ, ಬರೆದೂ ಹೇಳಿದ್ದೆ. ದೃಷ್ಟಿ ತಾಗುವುದು ಫಿಲಮಿನ ಮೇಲಿನ ತಾರೀಖು ನೋಡಿಕೊಂಡಲ್ಲ.

ಇನ್ನು ಆಗಿ ಹೋದದ್ದು. ಆ ಫೋಟೊವನ್ನು ಎಲ್ಲಿ ಬೇಕಾದರೂ ಇಟ್ಟುಕೋ. ನನಗೆ ತೋರಿಸಬೇಡ.

ಅಜ್ಜಿ


ಕುರುಗೋಡು
ತಾ. 17-1-2025

ಐಶ್ವರ್ಯಳಿಗೆ,

ಎರಡು ತಿಂಗಳಾಯಿತು. ಅಂಜಿನಪ್ಪ ಓಣಿಗೆ ಬಂದರೆ ನಾನೇ ಎದ್ದು ಬಾಗಿಲಿಗೆ ಹೋಗುತ್ತೇನೆ. ಅವನು ದೂರದಿಂದಲೇ ಎರಡೂ ಕೈ ಅಲ್ಲಾಡಿಸುತ್ತಾನೆ. ಮೊದಲೆಲ್ಲ ಆಡಿಕೊಳ್ಳುತ್ತಿದ್ದವನು ಈಗ ಆಡಿಕೊಳ್ಳುವುದನ್ನೂ ಬಿಟ್ಟಿದ್ದಾನೆ.

ಸಂಕ್ರಾಂತಿಗೆ ಸಜ್ಜೆರೊಟ್ಟಿ, ಎಳ್ಳು ಹಚ್ಚಿದ್ದು, ಪುಂಡಿಪಲ್ಯ ಕಟ್ಟಿ ಭೀಮರಾಜನ ಕೈಯಲ್ಲಿ ಕಳಿಸಿದ್ದೆ. ಅವನು ಸಿರುಗುಪ್ಪಕ್ಕೆ ಭತ್ತದ ಚೀಲ ತರಲು ಹೋಗುವವನಿದ್ದ. ಬಂದು ಹೇಳಿದ: "ಐಶ್ವರ್ಯಕ್ಕ ಚಲೋ ಮಾತಾಡಿದ್ಲು ಅಜ್ಜೀ. ರೊಟ್ಟಿ ತಗೊಂಡ್ಲು. ಕ್ಯಾಮೆರಾ ಮಾರಿಬಿಟ್ಟಾಳಂತ." ಇನ್ನೇನು ಹೇಳಿದಳು ಅಂತ ಕೇಳಿದೆ. "ಮತ್ತೇನಿಲ್ಲ. ಚಾ ಕೊಟ್ಲು. ಕೈಗೆ ಕಪ್ಪು ಕೊಡೂದ್ರಾಗ ಮಾತು ಮರತು ನಿಂತಬಿಟ್ಲು" ಅಂದ.

ಹೋದ ಕಾಗದದಲ್ಲಿ ನಾನು ಒಂದು ಸಾಲು ಹೆಚ್ಚಿಗೆ ಬರೆದೆ. ಸಿಟ್ಟಿನಲ್ಲಿ ಕೈ ಓಡಿತು. ಪೆನ್ನು ತೆಗೆದುಕೊಂಡು ಆ ಸಾಲಿನ ಮೇಲೆ ಗೀಟು ಹೊಡೆದುಬಿಡು. ಯಾವ ಸಾಲು ಅಂತ ನಾನು ತಿರುಗಿ ಬರೆಯುವುದಿಲ್ಲ, ನಿನಗೆ ಗೊತ್ತಿದೆ.

ಕ್ಯಾಮೆರಾ ಯಾಕೆ ಮಾರಿದೆ? ಅದರಿಂದ ನಾಲ್ಕು ಕಾಸು ಬರುತ್ತಿತ್ತು, ಮಂದಿಯ ನಡುವೆ ಹೋಗಿಬರುತ್ತಿದ್ದೆ. ಮನೆಯಲ್ಲಿ ಕೂತು ಏನು ಮಾಡುತ್ತೀಯ?

ಇನ್ನೊಂದು. ತೋರಿಸಬೇಡ ಅಂದಿದ್ದೆ, ತೋರಿಸಬೇಡ. ಆದರೆ ಆ ಫೋಟೊದಲ್ಲಿ ಕಣ್ಣು ತೆರೆದಿತ್ತೇ, ಮುಚ್ಚಿತ್ತೇ? ಅಷ್ಟು ಬರೆ.

ಅಜ್ಜಿ


ಸಿರುಗುಪ್ಪ
2-2-2025

ಅಜ್ಜಿ,

ಕಣ್ಣು ತೆರೆದಿತ್ತು.

ಈಗ ಕಣ್ಣು ಎಲ್ಲಿತ್ತು ಅಂತ ನಾನು ಬೆರಳಿಟ್ಟು ತೋರಿಸಬೇಕು. ದೀಪಾವಳಿಯ ಹೊತ್ತಿಗೆ ಮೂಗು, ಬಾಯಿ, ಒಂದು ಕಣ್ಣು ಕಾಣುತ್ತಿದ್ದವು. ಡಿಸೆಂಬರಿನಲ್ಲಿ ಬಾಯಿ ಹೋಯಿತು. ಈಗ ದುಪ್ಪಟಿಯ ಹೂವು ಕಾಣುತ್ತದೆ, ಮುಷ್ಟಿ ಕಟ್ಟಿದ ಕೈ ಕಾಣುತ್ತದೆ. ಮುಖದ ಜಾಗದಲ್ಲಿ ಹಳದಿ ಇದೆ. ಸಂಕ್ರಾಂತಿಗೆ ಮೊದಲೇ ಬಳ್ಳಾರಿಗೆ ಹೋಗಿ ಕೈಸರಣ್ಣನಿಗೆ ತೋರಿಸಿದ್ದೆ. ಬೆಳಕಿಗೆ ಹಿಡಿದು ನೋಡಿದ. "ಇದಕ್ಕ ಔಷಧ ಇಲ್ಲ ತಂಗಿ. ಮೊದಲ ಮಾಸದಾಗ ನನ್ನ ಹತ್ರ ತಂದಿದ್ರ ಇದರದ್ದ ಒಂದು ಫೋಟೊ ತಗದು ಇಟ್ಟುಬಿಡ್ತಿದ್ದೆ" ಅಂದ. ನನಗೆ ಅದು ಹೊಳೆದಿರಲಿಲ್ಲ ಅಂದುಕೊಂಡೆಯಾ? ಹೊಳೆದಿತ್ತು. ಇವರ ಫೋನ್ ಪಕ್ಕದಲ್ಲೇ ಇತ್ತು. ಇನ್ನೊಂದು ಸಲ ಆ ಮುಖದ ಎದುರಿಗೆ ಗುಂಡಿ ಒತ್ತಲು ಕೈ ಬರಲಿಲ್ಲ. ಆವತ್ತೇ ಕ್ಯಾಮೆರಾ ಅವನಿಗೇ ಕೊಟ್ಟು ಬಂದೆ. ಹೊಸ ಪ್ಯಾಕನ್ನೂ ಕೊಟ್ಟೆ. ಸೀಲ್ ಹಾಗೆಯೇ ಇತ್ತು.

ನಿನ್ನ ಸಾಲಿನ ಮೇಲೆ ಗೀಟು ಹೊಡೆಯಲಿಲ್ಲ. ನಿಜವನ್ನು ಹೊಡೆದುಹಾಕಿ ಏನು ಮಾಡಲಿ? ಇವರು "ಹಂಗೇನಿಲ್ಲ, ಬಿಡು" ಅನ್ನುತ್ತಾರೆ, ಮತ್ತೆ ಏನೋ ಹೇಳಲು ಬಾಯಿ ತೆಗೆದು ಎದ್ದು ಹೊರಗೆ ಹೋಗುತ್ತಾರೆ. ಅವರಿಗೂ ಹಾಗೇ ಅನಿಸಿದೆ, ಹೇಳಲು ಆಗುತ್ತಿಲ್ಲ. ನನಗೆ ಗೊತ್ತಾಗುತ್ತದೆ. ನಾನು ಗುಂಡಿ ಒತ್ತಿದೆ, ಎಂಟು ದಿನಕ್ಕೆ ಮಗು ಹೋಯಿತು. ಬೇರೆ ಏನೂ ಆಗಿರಲಿಲ್ಲ ಅದಕ್ಕೆ.

ಅತ್ತೆ ನೋಡಿ ನೋಡಿ ಮೊನ್ನೆ ಅಂದರು: "ಹೋದ ಕೂಸಿಂದು ಮನ್ಯಾಗ ಇಟಗೊಂಡು ಕುಂದ್ರಬಾರದವ್ವ. ಅದಕ್ಕೂ ದಾರಿ ಸಿಗಂಗಿಲ್ಲ, ನಿನಗೂ ಸಿಗಂಗಿಲ್ಲ. ಅಮಾಸಿ ದಿನ ಹೊಳಿಗೆ ಬಿಟ್ಟು ಬರೂಣು." ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಹೇಳುವಾಗ ಅವರ ಕಣ್ಣೂ ತುಂಬಿತ್ತು. ನಾನು ಹೂಂ ಅಂದಿದ್ದೇನೆ. ಶಿವರಾತ್ರಿಯ ಅಮಾವಾಸ್ಯೆಗೆ ತುಂಗಭದ್ರೆಗೆ ಹೋಗಿ ಬಿಟ್ಟು ಬರುತ್ತೇವೆ. ಮುಖವೇ ಇಲ್ಲದ ಫೋಟೊ, ಇಟ್ಟುಕೊಂಡು ಏನು?

ಹೆದರಿಕೆ ಒಂದೇ ಅಜ್ಜಿ. ಫೋಟೊದಲ್ಲಿ ಹೋದ ಹಾಗೆಯೇ ನನ್ನ ತಲೆಯಲ್ಲೂ ಹೋಗುತ್ತಿದೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಕೂಸನ್ನು ನೋಡಿದೆ. ಮನೆಗೆ ಬಂದು ಕಣ್ಣು ಮುಚ್ಚಿದರೆ ನಮ್ಮ ಮಗುವಿನ ಮುಖದ ಜಾಗದಲ್ಲಿ ಆ ಕೂಸಿನ ಮುಖ ಬಂತು. ಎಷ್ಟು ತಳ್ಳಿದರೂ ಹೋಗಲಿಲ್ಲ.

ಐಶ್ವರ್ಯ


ಕುರುಗೋಡು
ತಾ. 9-2-2025

ಲೇ ಹುಚ್ಚಿ,

ಯಾರನ್ನು ಕೇಳಿ ಹೂಂ ಅಂದೆ? ಹೊಳೆಗೆ ಬಿಡಲು ಅದೇನು ಬಾಡಿದ ಹಾರವೇ? ಈ ಕಾಗದ ಓದಿ ಮುಗಿಸುವವರೆಗೆ ಆ ಫೋಟೊ ಮುಟ್ಟಬೇಡ, ಮುಟ್ಟಲು ಯಾರಿಗೂ ಕೊಡಬೇಡ. ಅತ್ತೆ ಕೇಳಿದರೆ ನಮ್ಮ ಅಜ್ಜಿ ಬೈದಾಳೆ ಅಂತ ಹೇಳು. ನನ್ನ ಬಾಯಿಗೆ ಅವರೂ ಹೆದರುತ್ತಾರೆ.

ಮೂರು ದಿನದಿಂದ ಬರೆಯುತ್ತಿದ್ದೇನೆ. ಇನ್‌ಲ್ಯಾಂಡಿನಲ್ಲಿ ಹಿಡಿಸುವುದಿಲ್ಲ ಅಂತ ಭೀಮರಾಜನ ಕೈಯಲ್ಲಿ ಉದ್ದ ಹಾಳೆ ತರಿಸಿದೆ. ಎರಡು ತಪ್ಪು ಒಪ್ಪಿಕೊಳ್ಳಬೇಕು. ಎಪ್ಪತ್ತನಾಲ್ಕು ವರ್ಷ ಬೇರೆಯವರ ತಪ್ಪು ಹಿಡಿದ ಕೈ, ತನ್ನದು ಬರೆಯುವಾಗ ಒಂದು ಸಾಲು ಬರೆದು ಎರಡು ಸಾಲು ಗೀಚಿಹಾಕುತ್ತದೆ.

ಮೊದಲನೆಯದು. ಮಗು ಹಾಲು ಕುಡಿಯುತ್ತ ನೀಲಿಯಾಯಿತಲ್ಲ, ಬಳ್ಳಾರಿಗೆ ಓಡಿಸಿಕೊಂಡು ಹೋದೆವಲ್ಲ. ನೀನು ಹೊರಗಿನ ಬೆಂಚಿನ ಮೇಲೆ ಪಾರಮ್ಮನಿಗೆ ಒರಗಿ ಕೂತಿದ್ದೆ. ಡಾಕ್ಟರು ಶಶಿಕಾಂತನನ್ನೂ ನನ್ನನ್ನೂ ಒಳಗೆ ಕರೆದರು. ನನಗೆ ಕೇಳುವುದಿಲ್ಲ ಅಂತ ಗೊತ್ತಾಗಿ ಒಂದು ಹಾಳೆಯ ಮೇಲೆ ಹೃದಯದ ಚಿತ್ರ ಬರೆದರು. ನಾಲ್ಕು ಕೋಣೆ ಬರೆದು, ನಡುವೆ ಗೋಡೆ ಇರಬೇಕಾದ ಕಡೆ ಪೆನ್ನು ಎತ್ತಿ ಖಾಲಿ ಬಿಟ್ಟು ತೋರಿಸಿದರು. ಹುಟ್ಟಿದಾಗಿಂದಲೇ ಗೋಡೆ ಕೂಡಿರಲಿಲ್ಲ. ಅದು ನಿನ್ನ ಹೊಟ್ಟೆಯೊಳಗೆ, ಯಾವ ಕ್ಯಾಮೆರಾವೂ ಹೋಗದ ಕಡೆ ಆದದ್ದು. ನೀನು ಫೋಟೊ ತೆಗೆದರೂ ಅಷ್ಟೇ ದಿನ, ತೆಗೆಯದಿದ್ದರೂ ಅಷ್ಟೇ ದಿನ.

ನಿನಗೆ ಹೇಳುವುದು ಬೇಡ ಅಂದವಳು ನಾನು. ಶಶಿಕಾಂತ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದುಕೊಂಡು ಕೂಗಿ ಹೇಳಿದ: "ಅಜ್ಜೀ, ಆಕಿಗೆ ಹೇಳೂದು ಚಲೋ. ಇಲ್ಲಂದ್ರ ಇಲ್ಲದ್ದು ತಲಿಗೆ ಹಚಗೊಂತಾಳ." "ಸುಮ್ನಿರಪಾ. ಹೊಟ್ಟ್ಯಾಗ ದೋಷ ಐತಿ ಅಂತ ನಿಮ್ಮವ್ವನ ಕಿವಿಗೆ ಬಿದ್ರ ಮುಂದಿನ ಬಸುರಿಗೂ ಅದ ಹೆಸರು ಕಟ್ಟತಾರ" ಅಂದೆ. ಕೈಮೇಲೆ ಕೈ ಹಾಕಿಸಿಕೊಂಡು ಆಣೆ ಮಾಡಿಸಿದೆ. ಅವನು ಎದ್ದು ಹೊರಗೆ ಹೋಗುವುದು ನಿನ್ನ ಮೇಲಿನ ಸಿಟ್ಟಿಗಲ್ಲ, ನನ್ನ ಆಣೆಗೆ. ಈ ಕಾಗದ ಅವನ ಕೈಗೆ ಕೊಡು. ಆಣೆ ಬಿಟ್ಟಿದ್ದೇನೆ ಅಂತ ಹೇಳು. ಅವನ ಬಾಯಿಂದ ಇನ್ನೊಂದು ಸಲ ಕೇಳು.

ಇಷ್ಟೆಲ್ಲ ಗೊತ್ತಿದ್ದವಳು ನವೆಂಬರಿನಲ್ಲಿ ಆ ಸಾಲು ಬರೆದೆ. ಗೀಟು ಹೊಡೆದರೆ ಸಾಲದು, ಅದನ್ನು ಹರಿದು ಹಾಕು. ಯಾಕೆ ಬರೆದೆ ಅಂತ ನನ್ನನ್ನೇ ಕೇಳಿಕೊಂಡೆ. ನಿನ್ನ ಕಾಗದದಲ್ಲಿ ಆ ಹನ್ನೊಂದು ಫೋಟೊದ ಮಾತು ಓದಿದೆನಲ್ಲ, ಅದಕ್ಕೆ ಬರೆದೆ. ನನ್ನ ಮೇಲೆ ಬಿದ್ದದ್ದನ್ನು ಎತ್ತಿ ನಿನ್ನ ಮೇಲೆ ಹಾಕಿದೆ.

ಎರಡನೆಯದು ಹಳೆಯದು. ನಿನ್ನವ್ವನಿಗೂ ಹೇಳಿರಲಿಲ್ಲ.

ನಿನ್ನವ್ವನಿಗಿಂತ ಮೊದಲು ನನಗೊಂದು ಗಂಡು ಇತ್ತು. ಉಚ್ಚೆಂಗೆಪ್ಪ ಅಂತ ಹೆಸರು. ಹದಿನಾಲ್ಕು ತಿಂಗಳು. ಜವಳ ತೆಗೆದಿರಲಿಲ್ಲ, ಹರಕೆಗೆ ಅಂತ ಬಿಟ್ಟಿದ್ದೆವು. ಆ ವರ್ಷ ಊರಿಗೆ ಮೂರುಕಾಲಿನ ಡಬ್ಬಿ ಹೊತ್ತುಕೊಂಡು ಫೋಟೊದವನೊಬ್ಬ ಬಂದ. ನಿಮ್ಮ ಅಜ್ಜ ತಿಪ್ಪೇರುದ್ರಪ್ಪನಿಗೆ ಮಗನೆಂದರೆ ಜೀವ. ನಾನು ಬೇಡ ಬೇಡ ಅಂದರೂ ಜಗುಲಿಯ ಮೇಲೆ ಕೂರಿಸಿ ತೆಗೆಸಿದರು. ಹದಿನೈದು ದಿನಕ್ಕೆ ಮಗನಿಗೆ ಜ್ವರ ಬಂತು, ನಾಲ್ಕು ದಿನದಲ್ಲಿ ಹೋದ. ಮೂರನೆಯ ದಿನ ನಾನು ಆ ಫೋಟೊ ತಂದು ಒಲೆಗೆ ಹಾಕಿದೆ. ನಿಮ್ಮ ಅಜ್ಜ ಬೆಂಕಿಯೊಳಗೆ ಕೈ ಹಾಕಿದರು, ಬೆರಳು ಸುಟ್ಟವು, ಫೋಟೊ ಸಿಗಲಿಲ್ಲ. ಆಮೇಲೆ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಬಡಿಸಿದ್ದನ್ನು ಉಂಡು ಏಳುತ್ತಿದ್ದರು.

ಆ ತಿಂಗಳು ನಮ್ಮ ಓಣಿಯಲ್ಲೇ ಇನ್ನೂ ಮೂರು ಕೂಸು ಅದೇ ಜ್ವರಕ್ಕೆ ಹೋದವು. ಅವುಗಳ ಫೋಟೊ ಯಾರೂ ತೆಗೆದಿರಲಿಲ್ಲ. ಅದು ನನಗೆ ಆವತ್ತೂ ಗೊತ್ತಿತ್ತು ಐಶ್ವರ್ಯ. ಗೊತ್ತಿದ್ದೂ ನನಗೆ ಬೈಯಲು ಏನಾದರೂ ಬೇಕಿತ್ತು. ಜ್ವರಕ್ಕೆ ಮುಖವಿರಲಿಲ್ಲ, ಫೋಟೊ ಕೈಗೆ ಸಿಕ್ಕಿತು.

ಐವತ್ತಮೂರು ವರ್ಷವಾಯಿತು. ಅವನ ತೂಕ ಸೊಂಟಕ್ಕೆ ನೆನಪಿದೆ. ಅವನು ಜಗ್ಗುತ್ತಿದ್ದ ಕಿವಿಯ ಓಲೆ ಪೆಟ್ಟಿಗೆಯಲ್ಲಿದೆ. ಮುಖ ಇಲ್ಲ. ಎಲ್ಲಿ ಹುಡುಕಿದರೂ ಇಲ್ಲ. ನಿಮ್ಮ ಅಜ್ಜ ಇದ್ದಾಗ ಒಂದು ಸಲ ಕೇಳಬೇಕು ಅಂತಿತ್ತು, "ನಿಮಗ ನೆನಪೈತೇನ್ರಿ ಅವನ ಮುಖಾ" ಅಂತ. ಕೇಳುವ ಬಾಯಿ ನನಗೆ ಬರಲಿಲ್ಲ. ಅವರು ತಮ್ಮ ಜೊತೆಗೇ ಒಯ್ದರು.

ಅದಕ್ಕೇ ಹೇಳುತ್ತೇನೆ, ಹೊಳೆಗೆ ಬಿಡಬೇಡ. ಮುಖ ಹೋದರೆ ಹೋಯಿತು. ಅವಳ ಎದುರಿಗೆ ಹಿಡಿದ ಹಾಳೆ ಅದೊಂದೇ. ಈ ಭೂಮಿಯ ಮೇಲೆ ಅವಳನ್ನು ಕಂಡ ಹಾಳೆ ಇನ್ನೊಂದಿಲ್ಲ. ಕಪ್ಪು ಬಟ್ಟೆ ಸುತ್ತಿ ಪೆಟ್ಟಿಗೆಯ ತಳದಲ್ಲಿಡು. ಅತ್ತೆಗೆ ನಾನೇ ಬಂದು ಹೇಳುತ್ತೇನೆ.

ಇನ್ನು ಮುಖದ ಮಾತು. ನನ್ನ ತಲೆಯಲ್ಲಿ ಇನ್ನೂ ಇದೆ. ಇರುವಾಗಲೇ ಬರೆದುಬಿಡುತ್ತೇನೆ, ತಾರೀಖು ಮುಗಿಯುವ ಮೊದಲು.

ಹೆಸರಿನಿಂದಲೇ ಶುರು ಮಾಡುತ್ತೇನೆ. ಐದು ತಿಂಗಳಿಂದ ಬಾಯಲ್ಲಿ ತರಲಾಗದೆ ಕೂಸು, ಮಗು, ಅದು ಅಂತಲೇ ಬರೆದೆ. ನೀಲಾಂಬಿಕೆ. ನಮ್ಮ ನೀಲಾಂಬಿಕೆಗೆ ನೆತ್ತಿಯಲ್ಲಿ ಎರಡು ಸುಳಿ ಇದ್ದವು. ಎಡಗಿವಿಯ ಮೇಲಿನ ಅಂಚು ಸೆರಗಿನ ಅಂಚಿನ ಹಾಗೆ ಒಳಗೆ ಮಡಚಿಕೊಂಡಿತ್ತು. ಎಣ್ಣೆ ಹಚ್ಚಿ ದಿನಾ ಬಿಡಿಸುತ್ತಿದ್ದೆ, ದಿನಾ ಮಡಚಿಕೊಳ್ಳುತ್ತಿತ್ತು. ಹುಬ್ಬು ಇರಲಿಲ್ಲ, ಹುಬ್ಬಿನ ಜಾಗ ಮಾತ್ರ ಕೆಂಪಗಿತ್ತು. ಕಾಲು ಚಾಚಿ ಮಲಗಿಸಿಕೊಂಡು ಬಿಸಿನೀರು ಹಾಕಿದರೆ ಬೇರೆ ಕೂಸಿನ ಹಾಗೆ ಕಿರುಚುತ್ತಿರಲಿಲ್ಲ. ಬಾಯಿ ತೆರೆದು, ಆ ಕೆಂಪು ಜಾಗ ಮೇಲೆತ್ತಿ, ಯಾರಿದು ಇಷ್ಟು ಗಡಿಬಿಡಿ ಮಾಡುವವಳು ಅನ್ನುವ ಹಾಗೆ ನನ್ನ ಕಡೆ ನೋಡುತ್ತಿದ್ದಳು. ಕೆಳದುಟಿಯ ನಡುವೆ ಉಗುರಿನಿಂದ ಒತ್ತಿದಂಥ ಒಂದು ಗೆರೆ. ಗದ್ದ ನಿನ್ನವ್ವನದು.

ನನಗೆ ಗೊತ್ತಿರುವುದು ಇಷ್ಟು. ನಾನು ನೋಡಿದ್ದು ಮೇಲಿನಿಂದ, ನೀರಿನ ಹೊಗೆಯಲ್ಲಿ. ನಿನ್ನೆದೆಗೆ ಒತ್ತಿಕೊಂಡು ಹಾಲು ಕುಡಿಯುವಾಗ ಅವಳ ಮುಖ ಹೇಗಿತ್ತು ಅನ್ನುವುದನ್ನು ನಾನು ಒಂದು ದಿನವೂ ನೋಡಲಿಲ್ಲ. ನೀನು ಸೆರಗು ಮುಚ್ಚಿಕೊಳ್ಳುತ್ತಿದ್ದೆ, ನಾನೇ ಮುಚ್ಚಿಕೋ ಅನ್ನುತ್ತಿದ್ದೆ. ಆ ಮುಖ ನೋಡಿದವಳು ನೀನೊಬ್ಬಳೇ.

ಬಸ್‌ಸ್ಟ್ಯಾಂಡಿನ ಕೂಸು ಬಂದು ಕೂತರೆ ಕೂರಲಿ, ಅದಕ್ಕೂ ಒಂದು ತಾಯಿ ಇದ್ದಾಳೆ, ಕರೆದುಕೊಂಡು ಹೋಗುತ್ತಾಳೆ. ನೀನು ಪೆನ್ನು ತೆಗೆದುಕೋ. ಅಕ್ಷರ ಚೆನ್ನಾಗಿ ಬರದಿದ್ದರೂ ಅಡ್ಡಿಯಿಲ್ಲ, ಅತ್ತುಕೊಂಡು ಬರೆದರೂ ಅಡ್ಡಿಯಿಲ್ಲ. ಕಣ್ಣು ಯಾವ ಕಡೆ ನೋಡುತ್ತಿತ್ತು, ಮೂಗು ಎಲ್ಲಿ ಒತ್ತುತ್ತಿತ್ತು, ಕುಡಿದು ಸಾಕಾದಾಗ ಬಾಯಿ ಹೇಗೆ ಬಿಡುತ್ತಿದ್ದಳು, ಒಂದನ್ನೂ ಬಿಡದೆ ಬರೆ. ಮಾರ್ಚ್ ತಿಂಗಳು ಹುಟ್ಟುವುದರೊಳಗೆ ಆ ಕಾಗದ ನನ್ನ ಕೈಯಲ್ಲಿರಬೇಕು.

ಅಜ್ಜಿ
ಅಕ್ಕನಾಗಮ್ಮ